ವಾಷರ್ ಟ್ಯಾಂಕ್‌ನಲ್ಲಿ ನೀರು ನಿಲ್ಲುತ್ತಿಲ್ಲವೇ? ಹಳೇ ಕಾರಿನ ಸೋರಿಕೆ ಹುಡುಕಿ ಸರಿಪಡಿಸುವ ಕ್ರಮ

ಮುಂದಿನ ಗಾಜು ತೊಳೆಯುವ ನೀರಿನ ಟ್ಯಾಂಕನ್ನು ಭಾನುವಾರ ತುಂಬಿಸಿರುತ್ತೀರಿ. ಬುಧವಾರ ಮುಂದಿನ ಲಾರಿ ಗಾಜಿಗೆ ಕೆಸರು ಎರಚಿದಾಗ ಲಿವರ್ ಎಳೆದರೆ ಮೋಟರ್ ಗುಂಯ್ ಅನ್ನುತ್ತದೆ, ನೀರು ಮಾತ್ರ ಬರುವುದಿಲ್ಲ. ವೈಪರ್ ಆ ಕೆಸರನ್ನೇ ಗಾಜಿನ ತುಂಬ ಬಳಿಯುತ್ತದೆ. ಎದುರಿನಿಂದ ಹೆಡ್‌ಲೈಟ್ ಬಿದ್ದರೆ ಮುಗಿಯಿತು, ರಸ್ತೆಯೇ ಕಾಣುವುದಿಲ್ಲ. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿ ಇಳಿದವರಿಗೆ ಇದು ಎಂಥ ಅಪಾಯ ಅಂತ ಹೇಳಬೇಕಾಗಿಲ್ಲ. ಬಳ್ಳಾರಿ, ಸಂಡೂರು ಕಡೆಯ ಕೆಂಧೂಳಿನಲ್ಲಿ ಓಡಾಡುವವರಿಗೆ ಬೇಸಿಗೆಯಲ್ಲೂ ಅದೇ ಪಾಡು.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ನೇರವಾಗಿ ಹೊಸ ಟ್ಯಾಂಕ್ ಕೊಳ್ಳಲು ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೀರು ಎಲ್ಲಿಂದ ಹೋಗುತ್ತಿದೆ ಅನ್ನುವುದಕ್ಕಿಂತ ಮೊದಲು, ಎಲ್ಲಿಗೆ ಬಂದು ನಿಲ್ಲುತ್ತಿದೆ ಅಂತ ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಹಳೇ ಕಾರುಗಳಲ್ಲಿ ಟ್ಯಾಂಕ್ ಗಟ್ಟಿಯಾಗಿಯೇ ಇದ್ದು, ಪಂಪ್ ಕೂರುವ ರಬ್ಬರ್ ಹೋಗಿರುವುದೇ ಜಾಸ್ತಿ.

ಇಡೀ ವ್ಯವಸ್ಥೆ ತುಂಬಾ ಸರಳ. ಒಂದು ಪ್ಲಾಸ್ಟಿಕ್ ಟ್ಯಾಂಕ್. ಅದರ ತಳದ ಹತ್ತಿರ ಒಂದು ತೂತು. ಆ ತೂತಿಗೆ ಗ್ರೋಮೆಟ್ ಅನ್ನುವ ರಬ್ಬರ್ ಬಳೆ. ಅದರೊಳಗೆ ಒತ್ತಿ ಕೂರಿಸಿದ 12 ವೋಲ್ಟ್‌ನ ಪುಟ್ಟ ಪಂಪ್. ಪಂಪ್‌ನಿಂದ ಬಾನೆಟ್ ಮೇಲೆ ನೀರು ಚಿಮ್ಮಿಸುವ ನಾಜಲ್‌ವರೆಗೆ ತೆಳು ರಬ್ಬರ್ ಪೈಪ್, ನಡುವೆ ಟಿ ಆಕಾರದ ಜಾಯಿಂಟ್. ಹಿಂದಿನ ಗಾಜಿಗೂ ವಾಷರ್ ಇರುವ ಹ್ಯಾಚ್‌ಬ್ಯಾಕ್ ಆದರೆ ಇನ್ನೊಂದು ಪೈಪ್ ಕಾರಿನ ಒಳಗಿನಿಂದ ಹಿಂದಕ್ಕೆ ಹೋಗುತ್ತದೆ. ಕೆಲವು ಕಾರುಗಳಲ್ಲಿ ಟ್ಯಾಂಕ್ ಬಾನೆಟ್ ಎತ್ತಿದ ಕೂಡಲೇ ಕಾಣುತ್ತದೆ. ಇನ್ನು ಕೆಲವದರಲ್ಲಿ ಮುಚ್ಚಳ ಮತ್ತು ಕುತ್ತಿಗೆ ಮಾತ್ರ ಕಾಣುತ್ತವೆ, ಟ್ಯಾಂಕ್ ಬಂಪರ್ ಹಿಂದೆ, ಚಕ್ರದ ಮುಂದೆ ಅಡಗಿರುತ್ತದೆ.

ಕೆಳಗೆ ಬಿದ್ದಿರುವುದು ಯಾವ ನೀರು?

ಕಾರಿನ ಕೆಳಗೆ ಒದ್ದೆ ಕಂಡ ಮಾತ್ರಕ್ಕೆ ವಾಷರ್ ನೀರೇ ಅಂತ ತಿಳಿಯಬೇಡಿ. ಏಸಿ ಹಾಕಿಕೊಂಡು ಬಂದಿದ್ದರೆ ಡ್ಯಾಶ್‌ಬೋರ್ಡ್‌ನ ಕೆಳಗಿನ ಜಾಗದಲ್ಲಿ, ಸಾಮಾನ್ಯವಾಗಿ ಪಕ್ಕದ ಸೀಟಿನವರ ಕಾಲಿನ ನೇರಕ್ಕೆ, ತಿಳಿ ನೀರು ತೊಟ್ಟಿಕ್ಕುತ್ತದೆ. ಅದು ದೋಷವಲ್ಲ, ಹಾಗೆ ಬೀಳಲೇಬೇಕು. ಬೆರಳಿಗೆ ಜಾರುವಂತಿದ್ದು, ಹಸಿರೋ ಗುಲಾಬಿಯೋ ಬಣ್ಣ ಇದ್ದು, ಸಿಹಿ ವಾಸನೆ ಬಂದರೆ ಅದು ಎಂಜಿನ್ ತಂಪಾಗಿಡುವ ಕೂಲೆಂಟ್. ಆಗ ವಾಷರ್ ವಿಷಯ ಬಿಟ್ಟು ಮೊದಲು ರೇಡಿಯೇಟರ್ ಕಡೆ ಗಮನ ಕೊಡಿ. ಕೂಲೆಂಟ್ ವಿಷ. ಬೀದಿ ನಾಯಿ, ಬೆಕ್ಕು ನೆಕ್ಕದ ಹಾಗೆ ತಕ್ಷಣ ನೀರು ಸುರಿದು ತೊಳೆಯಿರಿ. ಎಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ.

ಕೂಲೆಂಟ್ ಟ್ಯಾಂಕ್, ವಾಷರ್ ಟ್ಯಾಂಕ್ ಎರಡೂ ಅಕ್ಕಪಕ್ಕ ಇರುವ ಕಾರುಗಳಲ್ಲಿ ಗೊಂದಲ ಸಹಜ. ವಾಷರ್ ಮುಚ್ಚಳದ ಮೇಲೆ ಗಾಜು ಮತ್ತು ಚಿಮ್ಮುವ ನೀರಿನ ಚಿತ್ರ ಇರುತ್ತದೆ.

ಅನುಮಾನ ಉಳಿದರೆ ವಾಷರ್ ನೀರಿಗೆ ಒಂದು ಚಿಟಿಕೆ ಅಡುಗೆ ಬಣ್ಣ ಹಾಕಿ. ಕೇಸರಿಬಾತ್‌ಗೆ ಹಾಕುತ್ತೇವಲ್ಲ, ಅದೇ ಸಾಕು. ಮುಂಭಾಗದ ಕೆಳಗೆ ಹಳೇ ಪೇಪರ್ ಹಾಸಿ, ಗಾಳಿಗೆ ಹಾರದಂತೆ ಕಲ್ಲು ಇಡಿ. ಬೆಳಗ್ಗೆ ಪೇಪರ್ ಮೇಲೆ ಕೇಸರಿ ಕಲೆ ಇದ್ದರೆ ವಾಷರ್ ನೀರು ಅಂತ ಖಾತ್ರಿ. ಆದರೆ ಕಲೆ ಬಿದ್ದ ಜಾಗದ ನೇರಕ್ಕೇ ಸೋರಿಕೆ ಇದೆ ಅಂತ ಮಾತ್ರ ಅಂದುಕೊಳ್ಳಬೇಡಿ. ನೀರು ಟ್ಯಾಂಕ್‌ನಿಂದ ಜಾರಿ, ತಗಡಿನ ಅಂಚು ಹಿಡಿದು, ಬಂಪರ್‌ನ ಒಳಗೆ ಒಂದಡಿ ಹರಿದು ಆಮೇಲೆ ಬೀಳುತ್ತದೆ. ಕಾರು ಇಳಿಜಾರಿನಲ್ಲಿ ನಿಂತಿದ್ದರಂತೂ ಇನ್ನೂ ದೂರ. ಪರೀಕ್ಷೆ ಮುಗಿದ ಮೇಲೆ ಬಣ್ಣದ ನೀರನ್ನು ಚೆಲ್ಲಿಬಿಡಿ.

ನೀರು ಎಲ್ಲಿ ನಿಲ್ಲುತ್ತದೆ?

ಇದು ಇಡೀ ಕೆಲಸದ ಮುಖ್ಯ ಭಾಗ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಟ್ಯಾಂಕ್ ಪೂರ್ತಿ ತುಂಬಿಸಿ. ಟ್ಯಾಂಕ್ ಕಾಣುವಂತಿದ್ದರೆ ನೀರಿನ ಮಟ್ಟಕ್ಕೆ ಸರಿಯಾಗಿ ಒಂದು ತುಂಡು ಟೇಪ್ ಅಂಟಿಸಿ. ಕಾಣದಿದ್ದರೆ ತೆಂಗಿನ ಪೊರಕೆಯ ಕಡ್ಡಿ ತೆಗೆದುಕೊಳ್ಳಿ. ಕುತ್ತಿಗೆ ಬಾಗಿದ್ದರೂ ಅದು ಬಳುಕಿಕೊಂಡು ತಳಕ್ಕೆ ಇಳಿಯುತ್ತದೆ. ಹೊರಗೆ ತೆಗೆದು ಒದ್ದೆ ಎಲ್ಲಿವರೆಗೆ ಇದೆ ಅಂತ ನೋಡಿ, ಅಲ್ಲಿ ಉಗುರಿನಿಂದ ಗೀರಿ. ಈಗ ಕಾರನ್ನು ಮುಟ್ಟದೆ ಒಂದು ರಾತ್ರಿ ಬಿಡಿ. ವಾಷರ್ ಒತ್ತಬೇಡಿ, ಕಾರು ಓಡಿಸಬೇಡಿ.

ಬೆಳಗ್ಗೆ ಅದೇ ಕಡ್ಡಿ ಇಳಿಸಿ ನೋಡಿ.

ಮಟ್ಟ ಸ್ವಲ್ಪವೂ ಇಳಿದಿಲ್ಲ ಅಂದರೆ ಟ್ಯಾಂಕ್, ಗ್ರೋಮೆಟ್ ಎರಡೂ ನಿಂತ ಕಾರಿನಲ್ಲಿ ಸರಿಯಾಗಿವೆ. ಸೋರಿಕೆ ಆಗುತ್ತಿರುವುದು ನೀರು ಚಿಮ್ಮುವಾಗ ಅಥವಾ ಕಾರು ಓಡುವಾಗ.

ಮಟ್ಟ ಮುಕ್ಕಾಲಿಗೋ ಅರ್ಧಕ್ಕೋ ಬಂದು ನಿಂತಿದ್ದರೆ ಟ್ಯಾಂಕ್‌ನಲ್ಲೇ ಬಿರುಕು ಇದೆ, ಅದೂ ಸರಿಯಾಗಿ ಆ ಎತ್ತರದಲ್ಲಿ. ಇನ್ನೊಂದು ರಾತ್ರಿ ಬಿಟ್ಟು ನೋಡಿ. ಅಲ್ಲಿಂದ ಕೆಳಗೆ ಇಳಿಯದಿದ್ದರೆ ಖಾತ್ರಿ. ಬೋಲ್ಟ್ ಹಾಕುವ ಕಿವಿಗಳ ಬುಡ, ಎರಡು ಅರ್ಧಗಳನ್ನು ಬೆಸೆದ ಅಂಚು, ಕುತ್ತಿಗೆ ಸೇರುವ ಜಾಗ, ಇವು ಬಿರುಕು ಬಿಡುವ ಮಾಮೂಲಿ ಜಾಗಗಳು. ಕುತ್ತಿಗೆ ಬೇರೆ ತುಂಡಾಗಿದ್ದರೆ ಅಲ್ಲೊಂದು ರಬ್ಬರ್ ರಿಂಗ್ ಇರುತ್ತದೆ, ಅದೂ ಹೋಗಿರಬಹುದು.

ಪೂರ್ತಿ ಖಾಲಿಯಾಗಿದ್ದರೆ, ಅಥವಾ ತಳದಲ್ಲಿ ಬೆರಳಗಲ ಮಾತ್ರ ಉಳಿದಿದ್ದರೆ, ಮೊದಲ ಅನುಮಾನ ಗ್ರೋಮೆಟ್ ಮೇಲೆ. ಎರಡನೆಯದು ಪಂಪ್‌ನ ಮೈ ಬಿರಿದಿರುವುದು. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ, ಪಂಪ್‌ನಿಂದ ಹೊರಡುವ ಪೈಪ್. ಈ ಪಂಪ್ ನಲ್ಲಿಯಂತೆ ನೀರನ್ನು ತಡೆದು ನಿಲ್ಲಿಸುವುದಿಲ್ಲ. ಒಳಗೆ ತಿರುಗುವ ರೆಕ್ಕೆ ಇದೆ ಅಷ್ಟೇ. ಪಂಪ್ ಆಫ್ ಇದ್ದಾಗಲೂ ನೀರು ಅದರ ಮೂಲಕ ಹಾದು ಪೈಪ್‌ನಲ್ಲಿ ಟ್ಯಾಂಕ್‌ನ ಮಟ್ಟದವರೆಗೆ ನಿಂತಿರುತ್ತದೆ. ಹಾಗಾಗಿ ಪೈಪ್ ಪಂಪ್‌ನ ಬಾಯಲ್ಲೇ ಸೀಳಿದ್ದರೆ ನೀವು ಲಿವರ್ ಮುಟ್ಟದಿದ್ದರೂ ಟ್ಯಾಂಕ್ ಖಾಲಿಯಾಗುತ್ತದೆ.

ಇದನ್ನು ಬೇರ್ಪಡಿಸುವುದು ಸುಲಭ. ಪಂಪ್‌ನ ಬಾಯಿಂದ ಪೈಪ್ ಕಳಚಿ, ಆ ಬಾಯಿಗೆ ಒಂದು ತುದಿ ಮುಚ್ಚಿದ ಚಿಕ್ಕ ರಬ್ಬರ್ ಪೈಪ್ ತುಂಡು ತೊಡಿಸಿ. ಎರಡು ಬಾಯಿ ಇದ್ದರೆ ಎರಡಕ್ಕೂ. ಪಂಪ್ ಸುತ್ತ ಒಣಬಟ್ಟೆಯಿಂದ ಒರೆಸಿ ನೀರು ತುಂಬಿಸಿ. ಈಗಲೂ ಒದ್ದೆಯಾದರೆ ಗ್ರೋಮೆಟ್ ಅಥವಾ ಪಂಪ್. ಒಣಗಿಯೇ ಇದ್ದರೆ ಪೈಪ್. ಟಿಶ್ಯೂ ಪೇಪರ್ ಸುತ್ತಿಟ್ಟರೆ ಮೊದಲ ಹನಿ ಎಲ್ಲಿ ಮೂಡಿತು ಅನ್ನುವುದೂ ಗೊತ್ತಾಗುತ್ತದೆ. ಕೆಲವು ಕಾರುಗಳಲ್ಲಿ ನೀರಿನ ಮಟ್ಟ ಹೇಳುವ ಸೆನ್ಸರ್‌ಗೆ ಇನ್ನೊಂದು ತೂತು, ಇನ್ನೊಂದು ಗ್ರೋಮೆಟ್ ಇರುತ್ತದೆ. ಅದನ್ನೂ ನೋಡಿ.

ಚಿಮ್ಮಿಸಿದಾಗ ಮಾತ್ರ, ಓಡಿಸಿದಾಗ ಮಾತ್ರ

ನಿಂತಾಗ ಸೋರದೆ, ಲಿವರ್ ಎಳೆದಾಗ ಮಾತ್ರ ಬಾನೆಟ್ ಕೆಳಗೆ ನೀರು ಬೀಳುತ್ತಿದ್ದರೆ ಪೈಪ್, ಟಿ ಜಾಯಿಂಟ್ ಅಥವಾ ನಾಜಲ್‌ನ ಬುಡ. ಒಬ್ಬರು ಒಳಗೆ ಕೂತು ಲಿವರ್ ಎಳೆಯಲಿ, ಇನ್ನೊಬ್ಬರು ಬಾನೆಟ್ ಎತ್ತಿ ನೋಡಲಿ. ಎಂಜಿನ್ ಆಫ್ ಇರಲಿ, ಕೀ ಮಾತ್ರ ಆನ್. ಬಾನೆಟ್ ತೆರೆದು ಮುಚ್ಚುವಾಗ ಪೈಪ್ ಬಾಗುವ ಜಾಗ, ಅಂದರೆ ಕೀಲಿನ ಹತ್ತಿರ, ಮೊದಲು ಸೀಳುತ್ತದೆ.

ನಮ್ಮ ಕಡೆ ಇನ್ನೊಂದು ಕಾರಣ ಇದೆ, ಇಲಿ. ವಾರಗಟ್ಟಲೆ ನಿಂತ ಕಾರಿನ ಎಂಜಿನ್ ಮೇಲೆ ಹಿಕ್ಕೆ, ಕಸ ಕಂಡರೆ ಪೈಪ್ ಉದ್ದಕ್ಕೂ ಬೆರಳಾಡಿಸಿ. ಇಲಿ ಕಚ್ಚಿದ ಜಾಗದಲ್ಲಿ ಹಲ್ಲಿನ ಗುರುತು ಜೋಡಿಯಾಗಿ ಇರುತ್ತದೆ, ಬಿಸಿಲಿಗೆ ಬಿರಿದ ರಬ್ಬರ್‌ನಲ್ಲಿ ಅಂಥ ಗುರುತು ಇರುವುದಿಲ್ಲ. ಪಕ್ಕದ ವೈರ್‌ಗಳನ್ನೂ ಜೊತೆಗೇ ನೋಡಿ.

ಹಾಳಾದ ಪೈಪ್‌ಗೆ ಅಕ್ವೇರಿಯಂನ ಪಾರದರ್ಶಕ ಟ್ಯೂಬ್ ಹಾಕುವವರಿದ್ದಾರೆ. ತಾತ್ಕಾಲಿಕಕ್ಕೆ ಪರವಾಗಿಲ್ಲ. ಎಂಜಿನ್ ಬಿಸಿಗೆ ಅದು ಮೊದಲು ಮೆತ್ತಗಾಗಿ ಮಡಚಿಕೊಳ್ಳುತ್ತದೆ, ಆಮೇಲೆ ಕಡ್ಡಿಯಂತೆ ಬಿರುಸಾಗುತ್ತದೆ. ವಾಷರ್‌ಗೇ ಅಂತ ಮಾರುವ ಕಪ್ಪು ರಬ್ಬರ್ ಪೈಪ್ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ, ಅದನ್ನೇ ಹಾಕಿ.

ಹಿಂದಿನ ಗಾಜಿಗೆ ಹೋಗುವ ಪೈಪ್ ಒಳಗೆ ಕಳಚಿದ್ದರೆ ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಕಾಲ ಕೆಳಗಿನ ಕಾರ್ಪೆಟ್ ಒದ್ದೆ, ಮುಗ್ಗಲು ವಾಸನೆ, ಡಿಕ್ಕಿ ಬಾಗಿಲಿನ ಅಂಚಿನಲ್ಲಿ ತೇವ. ಹೀಗಿದ್ದರೆ ಟ್ಯಾಂಕ್ ಬಿಟ್ಟು ಆ ಪೈಪ್ ಹಿಡಿದು ಹೊರಡಿ.

ಓಡಿಸಿದಾಗ ಮಾತ್ರ ನೀರು ಕಡಿಮೆಯಾಗುತ್ತಿದ್ದರೆ ಮುಚ್ಚಳ ಸಡಿಲವಾಗಿದೆಯೇ ನೋಡಿ. ಅದು ಸರಿ ಇದ್ದರೆ, ನಿಂತಾಗ ಕೂಡಿಕೊಂಡಿದ್ದು ಅದುರಿದಾಗ ಬಾಯಿ ಬಿಡುವ ಬಿರುಕು ಇರಬಹುದು. ಟ್ಯಾಂಕ್‌ನ ಕಿವಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಗೊತ್ತಾಗುತ್ತದೆ.

ಗ್ರೋಮೆಟ್ ಬದಲಾಯಿಸುವುದು

ಪಂಪ್ ಕೀಳುವ ಮೊದಲು ಕೀ ಆಫ್ ಮಾಡಿ, ಅದರ ವೈರ್‌ನ ಕನೆಕ್ಟರ್ ಕಳಚಿ. ಕನೆಕ್ಟರ್‌ನ ಬೀಗದ ನಾಲಿಗೆಯನ್ನು ಒತ್ತಿ ಹಿಡಿದೇ ಎಳೆಯಬೇಕು. ಹಳೇ ಪ್ಲಾಸ್ಟಿಕ್ ಅಲ್ವಾ, ಜೋರು ಮಾಡಿದರೆ ನಾಲಿಗೆಯೇ ಮುರಿಯುತ್ತದೆ. ಕೆಳಗೆ ಬೋಗುಣಿ ಇಡಿ. ಪಂಪನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಹೊರಗೆಳೆಯಿರಿ.

ಈಗ ಗ್ರೋಮೆಟ್ ಕೈಗೆ ತೆಗೆದುಕೊಂಡು ಹಗಲಿನ ಬೆಳಕಿನಲ್ಲಿ ನೋಡಿ. ಹೊಸದಾದರೆ ಬೆರಳಲ್ಲಿ ಹಿಚುಕಿದರೆ ಚಪ್ಪಟೆಯಾಗಿ ಬಿಟ್ಟ ಕೂಡಲೇ ಗುಂಡಗಾಗುತ್ತದೆ. ಹಳೆಯದು ಹಿಚುಕಿದರೆ ಬಾಗುವುದೇ ಇಲ್ಲ, ಅಥವಾ ಬಾಗಿ ಹಾಗೇ ಉಳಿಯುತ್ತದೆ. ಒಳಗಿನ ತುಟಿಯ ಉದ್ದಕ್ಕೂ ಕೂದಲೆಳೆಯಂಥ ಬಿರುಕುಗಳು. ಪಂಪ್‌ನ ಭಾರ ಬಿದ್ದ ಕಡೆ ತುಟಿ ಚಪ್ಪಟೆ, ಎದುರು ಕಡೆ ದಪ್ಪ. ನೀರು ಹೋದ ದಾರಿಯಲ್ಲಿ ಬಿಳಿ ಉಪ್ಪಿನ ಗೆರೆ ಕಟ್ಟಿರುತ್ತದೆ, ಬೋರ್‌ವೆಲ್ ನೀರು ಹಾಕುವವರ ಕಾರಿನಲ್ಲಂತೂ ಅದು ಎದ್ದು ಕಾಣುತ್ತದೆ. ಇಷ್ಟು ಕಂಡರೆ ದೋಷ ಸಿಕ್ಕಿತು. ಟ್ಯಾಂಕ್‌ನ ಬೆಲೆಯ ಮುಂದೆ ಇದರ ಬೆಲೆ ಚಿಲ್ಲರೆ ಕಾಸು.

ಕೆಲವು ಗ್ರೋಮೆಟ್‌ಗಳ ಒಳತುದಿಯಲ್ಲಿ ಪುಟ್ಟ ಜಾಲರಿ ಇರುತ್ತದೆ. ಅದರ ಪಾಚಿ ತೊಳೆಯಿರಿ. ಟ್ಯಾಂಕ್‌ನ ತೂತಿನ ಅಂಚನ್ನು ಬಟ್ಟೆಯಿಂದ ಒರೆಸಿ, ಬೆರಳಾಡಿಸಿ ನೋಡಿ. ಅಂಚು ನುಣುಪಾಗಿರಬೇಕು. ಹೊಸ ಗ್ರೋಮೆಟ್‌ಗೆ ಸೋಪಿನ ನೀರು ಸವರಿ ಕೂರಿಸಿ, ಆಮೇಲೆ ಪಂಪ್ ಒತ್ತಿ. ಎಂಜಿನ್ ಆಯಿಲ್, ಗ್ರೀಸ್ ಹಚ್ಚಬೇಡಿ, ರಬ್ಬರ್ ಉಬ್ಬಿ ಹಾಳಾಗುತ್ತದೆ. ಸುತ್ತ ಸಿಲಿಕಾನ್ ಬಳಿಯುವುದೂ ಬೇಡ. ಅದು ಈ ಪ್ಲಾಸ್ಟಿಕ್ಕಿಗೆ ಹಿಡಿಯುವುದಿಲ್ಲ, ಮುಂದೆ ಪಂಪ್ ತೆಗೆಯುವವರಿಗೆ ಮಾತ್ರ ಕಷ್ಟ.

ಬಿರುಕಿಗೆ ಅಂಟು ಯಾಕೆ ನಿಲ್ಲುವುದಿಲ್ಲ

ಟ್ಯಾಂಕ್‌ನ ತಳದಲ್ಲಿ ಪಿಇ ಅಥವಾ ಪಿಪಿ ಅನ್ನುವ ಉಬ್ಬು ಅಕ್ಷರಗಳು ಇರುತ್ತವೆ. ಪಾಲಿಎಥಿಲೀನ್, ಪಾಲಿಪ್ರೊಪಿಲೀನ್. ಇವುಗಳ ಮೈ ಮೇಣದಂತೆ ನುಣುಪು, ಯಾವ ಅಂಟೂ ಸುಲಭಕ್ಕೆ ಕಚ್ಚಿಕೊಳ್ಳುವುದಿಲ್ಲ. ಎಂ-ಸೀಲ್, ಅರಾಲ್ಡೈಟ್, ಫೆವಿಕ್ವಿಕ್ ಬೇರೆ ಕಡೆ ಎಷ್ಟು ಚೆನ್ನಾಗಿ ಹಿಡಿದರೂ ಇಲ್ಲಿ ಒಣಗಿದ ಮೇಲೆ ಇಡೀ ತೇಪೆಯೇ ಹಪ್ಪಳದಂತೆ ಎದ್ದು ಬರುತ್ತದೆ. ಅದು ಅಂಟಿನ ತಪ್ಪಲ್ಲ, ಪ್ಲಾಸ್ಟಿಕ್‌ನ ಗುಣ.

ತಕ್ಷಣ ಬೇರೆ ಟ್ಯಾಂಕ್ ಸಿಗದಿದ್ದರೆ ಕರಗಿಸಿ ಬೆಸೆಯಬಹುದು. ಬಿರುಕಿನ ಎರಡೂ ತುದಿಗೆ 2 ಮಿಲಿಮೀಟರ್‌ನ ತೂತು ಕೊರೆಯಿರಿ, ಬಿರುಕು ಮುಂದೆ ಓಡುವುದಿಲ್ಲ. ಅದೇ ಜಾತಿಯ ಪ್ಲಾಸ್ಟಿಕ್ ಪಟ್ಟಿ ಇಟ್ಟು ಸೋಲ್ಡರಿಂಗ್ ಐರನ್‌ನಿಂದ ಬಿರುಕು, ತೂತು ಎರಡನ್ನೂ ಮುಚ್ಚುವಂತೆ ಕರಗಿಸಿ ಸೇರಿಸಿ. ಪಿಇಗೆ ಪಿಇ, ಪಿಪಿಗೆ ಪಿಪಿ, ಅಡ್ಡಾದಿಡ್ಡಿ ಬೆರೆಸಿದರೆ ಹಿಡಿಯುವುದಿಲ್ಲ. ಟ್ಯಾಂಕ್ ಹೊರಗೆ ತೆಗೆದು, ಒಣಗಿಸಿ, ಗಾಳಿ ಆಡುವ ಕಡೆ ಮಾಡಿ. ಚಪ್ಪಟೆ ಜಾಗದ ಬಿರುಕಿಗೆ ಇದು ಕೆಲವು ಕಾಲ ನಡೆಯುತ್ತದೆ. ಕಿವಿಯ ಬುಡಕ್ಕೆ ನಿಲ್ಲುವುದಿಲ್ಲ, ಅಲ್ಲಿ ಎಳೆತ ಜಾಸ್ತಿ. ನನ್ನ ಅಭಿಪ್ರಾಯ ಕೇಳಿದರೆ, ಕಿವಿ ಬಿರಿದ ಟ್ಯಾಂಕ್‌ಗೆ ಒಂದು ಗಂಟೆ ಖರ್ಚು ಮಾಡುವ ಬದಲು ಬೇರೆಯದು ಹುಡುಕುವುದೇ ವಾಸಿ.

ಹಿಮ ಬೀಳುವ ದೇಶಗಳಲ್ಲಿ ಹಳೇ ಕಾರು ಇಟ್ಟುಕೊಂಡಿರುವ ಕನ್ನಡಿಗರಿಗೆ ಒಂದು ಮಾತು. ನೀರು ಹೆಪ್ಪುಗಟ್ಟಿದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಬರೀ ನೀರು ತುಂಬಿದ ಟ್ಯಾಂಕ್, ಪಂಪ್ ಎರಡೂ ಒಂದೇ ರಾತ್ರಿಯಲ್ಲಿ ಸೀಳಬಹುದು. ಅಲ್ಲಿ ಚಳಿಗಾಲದ ವಾಷರ್ ದ್ರವವೇ ಬೇಕು.

ಟ್ಯಾಂಕ್ ಹುಡುಕುವುದು

ಹಳೇ ಟ್ಯಾಂಕ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಒಂದೇ ಮಾಡೆಲ್‌ನಲ್ಲೂ ಹಿಂದಿನ ವೈಪರ್ ಇರುವ ಕಾರಿಗೂ ಇಲ್ಲದ್ದಕ್ಕೂ ಪಂಪ್, ತೂತು ಬೇರೆ ಇರಬಹುದು. ಟ್ಯಾಂಕ್ ಮೇಲೆ ಅಚ್ಚಾದ ಪಾರ್ಟ್ ನಂಬರ್, ಆರ್‌ಸಿಯಲ್ಲಿರುವ ಚಾಸಿಸ್ ನಂಬರ್ ಬರೆದಿಟ್ಟುಕೊಳ್ಳಿ. ಬೆಂಗಳೂರಿನವರಾದರೆ ಜೆ.ಸಿ. ರೋಡ್‌ನ ಬಿಡಿಭಾಗದ ಅಂಗಡಿಗಳಿವೆ. ತಯಾರಿಕೆಯೇ ನಿಂತ ಕಾರಿಗೆ ಶಿವಾಜಿನಗರದ ಗುಜರಿ ಕಡೆ ಹೋಗಬೇಕಾಗುತ್ತದೆ.

ಗುಜರಿಯ ಟ್ಯಾಂಕ್ ಕೊಳ್ಳುವುದಾದರೆ ಅಲ್ಲೇ ಪರೀಕ್ಷಿಸಿ. ಪಂಪ್ ತೂತಿಗೆ ಹೆಬ್ಬೆರಳು ಒತ್ತಿ ನೀರು ತುಂಬಿಸಿ, ಹೊರಮೈ ಒರೆಸಿ, ಸ್ವಲ್ಪ ಹೊತ್ತು ಕಾಯಿರಿ. ಕಿವಿಗಳನ್ನು ಮೆಲ್ಲಗೆ ಬಾಗಿಸಿ ನೋಡಿ. ಪ್ಲಾಸ್ಟಿಕ್ ಹಳದಿಯಾಗಿದ್ದರೆ ತೊಂದರೆ ಇಲ್ಲ, ಬಾಗಿಸಿದಾಗ ಬಿಳಿ ಗೆರೆ ಮೂಡಿದರೆ ಬೇಡ. ಗ್ರೋಮೆಟ್ ಮಾತ್ರ ಹೊಸದೇ ಇರಲಿ.

ಬಿಚ್ಚಿ ಕೂರಿಸುವುದು

ಎಂಜಿನ್ ತಣ್ಣಗಾಗಲಿ. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚಿ. ನೀರನ್ನು ತೆಳು ಪೈಪ್‌ನಿಂದ ಹೊರಗೆ ತೆಗೆಯಿರಿ, ಬಾಯಿಂದ ಎಳೆಯಬೇಡಿ. ಬಿಚ್ಚುವ ಮೊದಲು ಪೈಪ್‌ಗಳ ಫೋಟೋ ತೆಗೆದುಕೊಳ್ಳಿ.

ಟ್ಯಾಂಕ್ ಎಂಜಿನ್ ಪಕ್ಕದಲ್ಲೇ ಇದ್ದರೆ ಎರಡೋ ಮೂರೋ ಬೋಲ್ಟ್, ಹೆಚ್ಚಾಗಿ 10 ನಂಬರ್ ಸ್ಪ್ಯಾನರ್ ಸಾಕು. ಫೆಂಡರ್ ಒಳಗೆ, ಅಂದರೆ ಚಕ್ರದ ಮೇಲಿನ ತಗಡಿನ ಒಳಗೆ ಇದ್ದರೆ ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನರ್ ತೆಗೆಯಬೇಕು. ಬಹಳ ಕಾರುಗಳಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಕೈ ಹೋಗುವಷ್ಟು ಜಾಗ ಸಿಗುತ್ತದೆ, ಚಕ್ರ ಬಿಚ್ಚುವ ಅಗತ್ಯವಿಲ್ಲ. ಬಿಚ್ಚಲೇಬೇಕಾದರೆ ಸಮ ನೆಲ, ಹ್ಯಾಂಡ್‌ಬ್ರೇಕ್, ಮೊದಲ ಗೇರ್, ಹಿಂದಿನ ಚಕ್ರಕ್ಕೆ ಅಡ್ಡಗಲ್ಲು, ಜಾಕಿಯ ಜೊತೆ ಸ್ಟ್ಯಾಂಡ್. ಬರೀ ಜಾಕಿ ನಂಬಿ ಅಥವಾ ಇಟ್ಟಿಗೆ ಜೋಡಿಸಿ ಕಾರಿನ ಕೆಳಗೆ ತಲೆ ಹಾಕಬೇಡಿ.

ಲೈನರ್‌ನ ಬಟನ್ ಕ್ಲಿಪ್‌ಗಳು ಹಳೇ ಕಾರಿನಲ್ಲಿ ಮುಟ್ಟಿದರೆ ಪುಡಿಯಾಗುತ್ತವೆ. ನಾಲ್ಕಾರು ಹೊಸದು ಮೊದಲೇ ತಂದಿಟ್ಟುಕೊಳ್ಳಿ. ತುಕ್ಕು ಹಿಡಿದ ಬೋಲ್ಟ್‌ಗೆ ತುಕ್ಕು ಬಿಡಿಸುವ ಸ್ಪ್ರೇ ಹಾಕಿ ಕಾಯಿರಿ. ಒಂದು ಸುತ್ತು ಬಿಚ್ಚಿ, ಅರ್ಧ ಸುತ್ತು ವಾಪಸ್ ಬಿಗಿದು, ಹೀಗೆ ಆಡಿಸುತ್ತಾ ತೆಗೆಯಿರಿ. ಜೋರಾಗಿ ತಿರುವಿದರೆ ಬೋಲ್ಟ್ ತಲೆ ಮುರಿದು, ಕಾಸಿನ ಕೆಲಸ ಸಾವಿರಕ್ಕೆ ಹೋಗುತ್ತದೆ.

ಟ್ಯಾಂಕ್ ಹೊರಬಂದ ಮೇಲೆ ಹೊಸದನ್ನು ಕೂರಿಸುವ ಆತುರ ಬೇಡ. ಹಳೆಯದು ಯಾಕೆ ಬಿರಿಯಿತು ಅಂತ ನೋಡಿ. ಮೈಮೇಲೆ ಉಜ್ಜಿದ ಗುರುತು ಇದ್ದರೆ ಅಲ್ಲಿ ತಗಡಿನ ಅಂಚು ತಾಗುತ್ತಿತ್ತು, ಆ ಅಂಚಿಗೆ ಸೀಳಿದ ರಬ್ಬರ್ ಪೈಪ್ ತೊಡಿಸಿ. ಹಿಂದೆಂದೋ ಮುಂಭಾಗ ಗುದ್ದಿದ ಕಾರಾದರೆ ಟ್ಯಾಂಕ್ ಹಿಡಿಯುವ ಬ್ರಾಕೆಟ್ ಬಾಗಿರಬಹುದು. ಬಾಗಿದ ಬ್ರಾಕೆಟ್‌ಗೆ ಹೊಸ ಟ್ಯಾಂಕನ್ನು ಎಳೆದು ಬಿಗಿದರೆ ಅದರ ಕಿವಿಯೂ ಅದೇ ದಾರಿ ಹಿಡಿಯುತ್ತದೆ. ಸೋರಿದ ನೀರು ನಿಂತಿದ್ದ ತಗಡಿನಲ್ಲಿ ತುಕ್ಕು ಶುರುವಾಗಿದ್ದರೆ ಉಜ್ಜಿ, ಒಣಗಿಸಿ, ಪ್ರೈಮರ್ ಹೊಡೆಯಿರಿ. ಈ ಜಾಗ ಮತ್ತೆ ಕಣ್ಣಿಗೆ ಬೀಳುವುದು ಯಾವಾಗಲೋ.

ಹಳೇ ಕಿವಿಗಳ ತೂತಿನಲ್ಲಿ ಲೋಹದ ಬುಷ್, ಅಂದರೆ ಪುಟ್ಟ ಕೊಳವೆ ಇದ್ದರೆ ಹೊಸದಕ್ಕೆ ವರ್ಗಾಯಿಸಿ. ಎಲ್ಲ ಬೋಲ್ಟ್‌ಗಳನ್ನೂ ಮೊದಲು ಕೈಯಲ್ಲಿ ಹಿಡಿಸಿ, ಟ್ಯಾಂಕ್ ತನ್ನ ಜಾಗದಲ್ಲಿ ಸಲೀಸಾಗಿ ಕೂತ ಮೇಲೆ ಬಿಗಿಯಿರಿ. ಅಲ್ಲಾಡದಷ್ಟು ಬಿಗಿದರೆ ಸಾಕು. ಲೈನರ್ ಹಾಕುವ ಮೊದಲೇ ನೀರು ತುಂಬಿಸಿ, ಬ್ಯಾಟರಿ ಜೋಡಿಸಿ, ಪರೀಕ್ಷೆ ಮಾಡಿ. ಪಂಪ್ ಒಣಗಿದ ಟ್ಯಾಂಕ್‌ನಲ್ಲಿ ಓಡಬಾರದು, ಅದಕ್ಕೆ ನೀರೇ ತಂಪು. ನೀರಿದ್ದರೂ ಒಂದೇ ಸಲ 10 ಸೆಕೆಂಡಿಗಿಂತ ಜಾಸ್ತಿ ಒತ್ತಿ ಹಿಡಿಯಬೇಡಿ.

ಮುಂದಿನ ಗಾಜಿಗೆ ಎಳೆದರೆ ಹಿಂದಿನ ಗಾಜಿಗೆ ನೀರು ಹೋಗುತ್ತಿದೆಯೇ? ಗಾಬರಿ ಬೇಡ. ಕೆಲವು ಹ್ಯಾಚ್‌ಬ್ಯಾಕ್‌ಗಳಲ್ಲಿ ಒಂದೇ ಪಂಪ್ ಒಂದು ಕಡೆ ತಿರುಗಿದರೆ ಮುಂದಕ್ಕೆ, ಇನ್ನೊಂದು ಕಡೆ ತಿರುಗಿದರೆ ಹಿಂದಕ್ಕೆ ನೀರು ಕಳಿಸುತ್ತದೆ. ಎರಡು ಪೈಪ್ ಅದಲುಬದಲಾಗಿವೆ ಅಷ್ಟೇ. ಪಂಪ್ ಸದ್ದೇ ಮಾಡದಿದ್ದರೆ ಫ್ಯೂಸ್ ನೋಡಿ, ಆಮೇಲೆ ಕನೆಕ್ಟರ್‌ನ ಪಿನ್. ಬಹಳ ದಿನ ಸೋರಿದ ಕಾರಿನಲ್ಲಿ ಪಿನ್‌ಗಳಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ಕೆರೆದು ತೆಗೆದರೆ ಎಷ್ಟೋ ಸಲ ಪಂಪ್ ಮತ್ತೆ ಓಡುತ್ತದೆ.

ಯಾವ ನೀರು ಹಾಕಬೇಕು

ಆರ್‌ಓ ಫಿಲ್ಟರ್‌ನಿಂದ ಹೊರಬೀಳುವ ವೇಸ್ಟ್ ನೀರನ್ನು ಹಿಡಿದಿಟ್ಟು ವಾಷರ್‌ಗೆ ಹಾಕುವ ಅಭ್ಯಾಸ ಹಲವು ಮನೆಗಳಲ್ಲಿದೆ. ನೀರು ಉಳಿಸುವ ಮನಸ್ಸು ಒಳ್ಳೆಯದೇ. ಆದರೆ ಆ ನೀರಿನಲ್ಲಿ ಉಪ್ಪಿನಂಶ ಮೂಲ ನೀರಿಗಿಂತಲೂ ಜಾಸ್ತಿ. ಗಾಜಿನ ಮೇಲೆ ಬಿಳಿ ಚುಕ್ಕೆ, ನಾಜಲ್‌ನಲ್ಲಿ ಗಸಿ, ಗ್ರೋಮೆಟ್ ತುಟಿಯಲ್ಲಿ ಹರಳು. ಆ ನೀರಿನಿಂದ ನೆಲ ಒರೆಸಿ. ವಾಷರ್‌ಗೆ ಬಟ್ಟೆಯಲ್ಲಿ ಸೋಸಿದ ಮಳೆ ನೀರು ಅಥವಾ ಫಿಲ್ಟರ್ ಆದ ನೀರು ಹಾಕಿ. ಬಟ್ಟೆ ಸೋಪಿನ ಪುಡಿ ಬೇಡ, ನೊರೆ ಕಟ್ಟಿ ಜಾಲರಿ ಮುಚ್ಚುತ್ತದೆ. ವಾಷರ್‌ಗೆಂದೇ ಮಾರುವ ದ್ರವವನ್ನು ಬಾಟಲಿ ಮೇಲಿನ ಅಳತೆಯಂತೆ ಬೆರೆಸಿದರೆ ಸಾಕು.

ಈಗಾಗಲೇ ಕಟ್ಟಿಕೊಂಡ ನಾಜಲ್ ಇದ್ದರೆ ತೆಳು ಸೂಜಿ ಆಡಿಸಿ ಬಿಡಿಸಿ. ಚೆಂಡಿನಾಕಾರದ ನಾಜಲ್ ಆದರೆ ಅದೇ ಸೂಜಿಯಿಂದ ದಿಕ್ಕನ್ನೂ ತಿದ್ದಬಹುದು. ನೀರು ಗಾಜಿನ ಅರ್ಧಕ್ಕಿಂತ ಸ್ವಲ್ಪ ಮೇಲೆ ಬೀಳುವ ಹಾಗೆ ಇಡಿ, ಕಾರು ಓಡುವಾಗ ಗಾಳಿ ಅದನ್ನು ಕೆಳಕ್ಕೆ ತಳ್ಳುತ್ತದೆ.